ಬಿಸಿ ಎಣ್ಣೆಗಾಯಿಗೆ ಪ್ಲಾಸ್ಟಿಕ್ ಹಾಳೆ ಬೇಡ

ಬಾಗಲಕೋಟೆಯ ಖಾನಾವಳಿಗಳಿಂದ ಬಿಸಿ ಎಣ್ಣೆಗಾಯಿ, ಝುಣಕಾ ಪಾರ್ಸೆಲ್ ತರುವವರು ಮನೆಯಿಂದಲೇ ಸ್ಟೀಲ್ ಡಬ್ಬಿ ಒಯ್ಯಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆಹಾರ ಸುತ್ತುವ ತೆಳು ಪಾರದರ್ಶಕ ಹಾಳೆ ಪಿವಿಸಿ ಎಂಬ ಬಗೆಯ ಪ್ಲಾಸ್ಟಿಕ್‌ನದ್ದಾಗಿದ್ದರೆ, ಅದು ಮೆತ್ತಗಾಗಿ ಪಾತ್ರೆಗೆ ಅಂಟಿಕೊಳ್ಳಲೆಂದು ಪ್ಲಾಸ್ಟಿಸೈಜರ್ ಎಂಬ ರಾಸಾಯನಿಕವನ್ನು ಬೆರೆಸಿರುತ್ತಾರೆ; ಇದು ಪ್ಲಾಸ್ಟಿಕ್‌ನೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುವುದಿಲ್ಲವಾದ್ದರಿಂದ, ಬಿಸಿ ಮತ್ತು ಜಿಡ್ಡು ಎರಡೂ ಸೇರಿದಾಗ ಆಹಾರಕ್ಕೆ ಹೆಚ್ಚಾಗಿ ಇಳಿಯುತ್ತದೆ. ಎಣ್ಣೆ ತೇಲುವ ಪಲ್ಯ, ತುಪ್ಪ ಸವರಿದ ಶೇಂಗಾ ಹೋಳಿಗೆ, ಬೆಣ್ಣೆ ಇವುಗಳಿಗೆ ಅಂಥ ಹಾಳೆ ತಾಗದಿರುವುದೇ ಒಳ್ಳೆಯದು. ಕಡಕ್ ರೊಟ್ಟಿಗೆ ಹೇಗೂ ಬಿಳಿ ಬಟ್ಟೆ ಸಾಕು.

ಪಾಲಿಥಿನ್ ಹಾಳೆಗೆ ಸಾಮಾನ್ಯವಾಗಿ ಪ್ಲಾಸ್ಟಿಸೈಜರ್ ಬೇಕಾಗುವುದಿಲ್ಲ. ಆದ್ದರಿಂದ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಯಾವ ಪ್ಲಾಸ್ಟಿಕ್ ಎಂದು ಬರೆದಿದೆಯೆಂಬುದನ್ನು ಓದಿ ನೋಡಿ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ, ಪ್ಲಾಸ್ಟಿಕ್ ಹೊದಿಕೆಯಿಂದ ಆಹಾರಕ್ಕೆ ಇಳಿಯುವ ಒಟ್ಟು ಅಂಶವು ಪ್ರತಿ ಕಿಲೋಗೆ 60 ಮಿಲಿಗ್ರಾಂ ಮೀರುವಂತಿಲ್ಲ. ಆದರೆ ಹೆಸರು, ಗುರುತು ಏನೂ ಇಲ್ಲದ ಅಗ್ಗದ ಕವರ್ ಈ ಪರೀಕ್ಷೆಗೆ ಒಳಪಟ್ಟಿದೆಯೇ ಎಂಬುದನ್ನು ನೋಡಿ ಹೇಳಲಾಗದು. ಕುದಿಯುವ ಸಾರನ್ನು ಅದರಲ್ಲಿ ಕಟ್ಟಿಸಿಕೊಳ್ಳಲೇಬೇಡಿ. ಮೈಕ್ರೊವೇವ್‌ನಲ್ಲಿ ಬಿಸಿ ಮಾಡುವಾಗಲೂ ಹಾಳೆಯನ್ನು ತೆಗೆದು, ಮೇಲೆ ಪಿಂಗಾಣಿ ತಟ್ಟೆ ಮುಚ್ಚಿ.