ಹೆಪಾಟಿಕಾ ಚೂಪೆಲೆಯದೋ ದುಂಡೆಲೆಯದೋ? ಗುರುತಿಸಿ ಬರೆದಿಡುವ ಬಗೆ

ಏಪ್ರಿಲ್ ಶುರುವಿನಲ್ಲಿ ಅಮೆರಿಕದ ಒಹಾಯೋ ರಾಜ್ಯದ ಕಾಡಿಗೆ ಹೋದರೆ ತರಗೆಲೆಗಳ ನಡುವೆ ಹೆಪಾಟಿಕಾ ಎಂಬ ಕಾಡುಹೂ ಅರಳಿರುತ್ತದೆ. ಇಲ್ಲಿ ಇದರದ್ದು ಎರಡು ಬಗೆ, ಚೂಪೆಲೆಯದು ಮತ್ತು ದುಂಡೆಲೆಯದು. ಗಿಡ ಗೇಣುದ್ದವೂ ಇರುವುದಿಲ್ಲ. ಹೂ ಬಿಳಿ, ನಸುಗೆಂಪು, ನೇರಳೆ, ನೀಲಿ. ಬಣ್ಣ ನಂಬಿದರೆ ಕೆಟ್ಟಿರಿ, ಎರಡು ಬಗೆಯಲ್ಲೂ ಎಲ್ಲ ಬಣ್ಣ ಬರುತ್ತದೆ. ಎಲೆ ನೋಡಿ.

ಹೂವಿನ ಜೊತೆ ಕಾಣುವುದು ಹಿಂದಿನ ವರ್ಷದ ಎಲೆ. ಹಿಮದಡಿ ಚಳಿಗಾಲ ಕಳೆದು ಕಂದಾಗಿರುತ್ತದೆ. ತೀರಾ ಹರಿದಿದ್ದರೆ ಮೇ ತಿಂಗಳಲ್ಲಿ ಮತ್ತೆ ಬನ್ನಿ, ಹೊಸ ಎಲೆ ಬಂದಿರುತ್ತದೆ. ಎಲೆಗೆ ಮೂರು ಭಾಗ. ತುದಿ ಚೂಪಾಗಿದ್ದರೆ ಚೂಪೆಲೆಯದು (ಅಕ್ಯುಟಿಲೋಬಾ), ದುಂಡಗಿದ್ದರೆ ದುಂಡೆಲೆಯದು (ಅಮೆರಿಕಾನಾ). ಅನುಮಾನ ಬಂದರೆ ನಾನು ಮಂಡಿಯೂರಿ ಕೂತು ಸ್ಕೇಲ್ ತೆಗೆಯುತ್ತೇನೆ. ತೊಟ್ಟು ಸೇರುವಲ್ಲಿಂದ ತುದಿವರೆಗೆ ಒಂದು ಅಳತೆ, ನಡುವಿನ ಭಾಗದ್ದು ಇನ್ನೊಂದು. ನಡುವಿನ ಭಾಗ ಒಟ್ಟು ಉದ್ದದ ಶೇ. 70ರಿಂದ 90 ಇದ್ದರೆ ಚೂಪೆಲೆಯದು, 50ರಿಂದ 70 ಇದ್ದರೆ ದುಂಡೆಲೆಯದು. ನಾಲ್ಕೈದು ಎಲೆ ಅಳೆಯಿರಿ. ಆಗಲೂ ಮಧ್ಯದಲ್ಲೇ ನಿಂತರೆ ಸುಮ್ನೆ ‘ಹೆಪಾಟಿಕಾ’ ಎಂದಷ್ಟೇ ಬರೆಯಿರಿ.

ಇನ್ನು ಕಲ್ಲು. ಚೂಪೆಲೆಯದಕ್ಕೆ ಸುಣ್ಣದ ನೆಲ ಇಷ್ಟ, ದುಂಡೆಲೆಯದು ಹುಳಿ ಮಣ್ಣಿನಲ್ಲಿ ಜಾಸ್ತಿ. ಕೊಲಂಬಸ್ ನಗರದಲ್ಲಿರುವ ನಮಗೆ ಎರಡೂ ಹತ್ತಿರ. ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಹೋದರೆ ಕ್ಲಿಫ್ಟನ್ ಗಾರ್ಜ್ ಎಂಬ ಕಮರಿ, ಅಲ್ಲಿ ಸುಣ್ಣದಕಲ್ಲಿನ ಬಳಗದ ಡಾಲಮೈಟ್. ಆಗ್ನೇಯಕ್ಕೆ ಹೋದರೆ ಹಾಕಿಂಗ್ ಹಿಲ್ಸ್ ಬೆಟ್ಟಗಳು, ಅಲ್ಲಿ ಮರಳುಗಲ್ಲು, ಹುಳಿ ಮಣ್ಣು. ನಿಮ್ಮ ಹಿತ್ತಲಿನ ಕಲ್ಲಿಗೆ ವಿನೆಗರ್ ಹಾಕಿ ನೋಡಿ. ಸುಣ್ಣದಕಲ್ಲಾದರೆ ನೊರೆ ಬರುತ್ತದೆ. ಡಾಲಮೈಟ್ ಸುಲಭಕ್ಕೆ ಜಗ್ಗುವುದಿಲ್ಲ, ಕೆರೆದು ಪುಡಿ ಮಾಡಿ ಹಾಕಬೇಕು. ಸಂರಕ್ಷಿತ ಕಾಡಿನಲ್ಲಿ ಈ ಆಟ ಬೇಡ, ಭೂವಿಜ್ಞಾನದ ನಕ್ಷೆ ಸಾಕು. ಆದರೆ ನಕ್ಷೆಯನ್ನೂ ಪೂರ್ತಿ ನಂಬಬೇಡಿ. ಪಶ್ಚಿಮ ಒಹಾಯೋದಲ್ಲಿ ಹಿಮನದಿಗಳು ಸುಣ್ಣದಕಲ್ಲನ್ನು ಅರೆದು ಎಲ್ಲೆಡೆ ಹರಡಿವೆ, ಹಾಗಾಗಿ ಅಡಿಯ ಕಲ್ಲು ಬೇರೆಯಾದರೂ ಮೇಲಿನ ಮಣ್ಣು ಸುಣ್ಣದ್ದಿರಬಹುದು.

ನನ್ನ ಹಟ ಇಷ್ಟೇ: ಕಲ್ಲು ನೋಡಿ ಹೆಸರು ಹಾಕಬೇಡಿ. ಹೆಸರು ಎಲೆಯಿಂದ ಬರಲಿ, ಕಲ್ಲಿನ ವಿಷಯ ಬೇರೆ ಸಾಲಿನಲ್ಲಿರಲಿ. ‘ಇದು ಸುಣ್ಣದ ನೆಲ, ಹಾಗಾಗಿ ಚೂಪೆಲೆಯದೇ’ ಎಂದು ಎಲ್ಲರೂ ಬರೆಯುತ್ತಾ ಹೋದರೆ, ಆ ಬರಹಗಳಿಂದ ಮಾಡುವ ಗಿಡದ ಹರಡುವಿಕೆಯ ನಕ್ಷೆ ನಮ್ಮ ನಂಬಿಕೆಯನ್ನೇ ನಮಗೆ ತಿರುಗಿಸಿ ತೋರಿಸುತ್ತದೆ, ಅಲ್ವಾ?

ಯಾವ ಪುಸ್ತಕದ ಹೆಸರು ಎಂದೂ ಬರೆಯಿರಿ, ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬದಲಾಗುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದರ ಯುರೋಪಿನ ಬಳಗವನ್ನು ಅನಿಮೋನಿ ಕುಲಕ್ಕೆ ಸೇರಿಸಿದ. ಹೂವಿನ ಬುಡಕ್ಕೇ ಅಂಟಿದ ಮೂರು ಹಸಿರೆಲೆ ನೋಡಿ ಬೇರೆಯವರು ಹೆಪಾಟಿಕಾ ಎಂಬ ಪ್ರತ್ಯೇಕ ಕುಲ ಮಾಡಿದರು. 1997ರ ‘ಫ್ಲೋರಾ ಆಫ್ ನಾರ್ತ್ ಅಮೆರಿಕಾ’ ಎಂಬ ಸಸ್ಯಗ್ರಂಥ ಮತ್ತೆ ಅನಿಮೋನಿ ಎಂದಿತು. ಇನ್ನು ಕೆಲವರಿಗೆ ನಮ್ಮ ಎರಡೂ ಗಿಡಗಳು ಯುರೋಪಿನ ಹೆಪಾಟಿಕಾ ನೊಬಿಲಿಸ್‌ನ ಉಪಬಗೆಗಳು ಮಾತ್ರ. ಊರಿಂದ ಬಂದಿದ್ದ ಅಮ್ಮ ಇದನ್ನೆಲ್ಲ ಕೇಳಿ, “ಇಷ್ಟು ಪುಟ್ಟ ಹೂವಿಗೆ ಇಷ್ಟೊಂದು ಜಗಳವೇನೋ” ಎಂದರು.

ಹೊಸ ಜಾಗ ಹುಡುಕುವಾಗ ಹಿಂದೆ ಉಳುಮೆಯಾಗಿದ್ದ ಕಾಡಿನಲ್ಲಿ ಹೊತ್ತು ಕಳೆಯಬೇಡಿ. ಇದರ ಬೀಜ ಒಯ್ಯುವುದು ಇರುವೆ, ಬೀಜಕ್ಕಂಟಿದ ಕೊಬ್ಬಿನ ಆಸೆಗೆ. ಇರುವೆಯ ಓಡಾಟ ಕೆಲವೇ ಮೀಟರ್, ಹಾಗಾಗಿ ಒಮ್ಮೆ ಉತ್ತ ನೆಲಕ್ಕೆ ಗಿಡ ಮರಳುವುದು ಬಹಳ ನಿಧಾನ. ನೇಗಿಲು ಹತ್ತಲಾಗದ ಇಳಿಜಾರು ನೋಡಿ. ಒಂದು ಗಿಡ ಸಿಕ್ಕರೆ ಅಲ್ಲೇ ಸುತ್ತಮುತ್ತ ನಿಧಾನವಾಗಿ ಹುಡುಕಿ.