ಜರ್ಮನಿಯಲ್ಲಿ ನಾನು ಆನ್‌ಲೈನ್ ಬ್ಯಾಂಕಿಂಗ್ ಶುರು ಮಾಡಿದ್ದು ಹೀಗೆ

ಜರ್ಮನಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಬ್ಯಾಂಕ್ ಒಳ್ಳೆಯದು ಅಂತ. ನಾನು ಅವರನ್ನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಯ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇದೆಯಾ?

ಇದಕ್ಕೆ ಕಾರಣ ಇದೆ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ರಸ್ತೆ, ಕಟ್ಟಡದ ನಂಬರ್, ಊರು, ಅಷ್ಟೇ. ಅಂಚೆಯವರು ಹೆಸರು ನೋಡಿ ಡಬ್ಬಿಗೆ ಹಾಕುತ್ತಾರೆ. ಹೆಸರು ಕಾಣದಿದ್ದರೆ ಪತ್ರ ಕಳಿಸಿದವರಿಗೇ ವಾಪಸ್. ಆನ್‌ಲೈನ್ ಬ್ಯಾಂಕಿಂಗ್‌ಗೆ ಬೇಕಾದ ಕಾರ್ಡ್, ಪಿನ್, ಲಾಗಿನ್ ವಿವರ, ಆ್ಯಪ್ ಚಾಲೂ ಮಾಡುವ ಕೋಡ್ ಇವೆಲ್ಲ ಬಹಳ ಬ್ಯಾಂಕ್‌ಗಳಲ್ಲಿ ಇಂದಿಗೂ ಕಾಗದದಲ್ಲೇ ಬರುತ್ತವೆ. ಒಂದೇ ಲಕೋಟೆ ಕಳ್ಳರ ಕೈಗೆ ಸಿಕ್ಕರೂ ಹಣ ಸಿಗಬಾರದು ಅಂತ ಬೇರೆ ಬೇರೆ ದಿನ, ಬೇರೆ ಬೇರೆ ಲಕೋಟೆಯಲ್ಲಿ ಕಳಿಸುತ್ತಾರೆ. ಅದರಲ್ಲಿ ಒಂದು ತಪ್ಪಿಹೋದರೂ ಇಡೀ ಕೆಲಸ ನಿಲ್ಲುತ್ತದೆ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಮನೆ ಸಿಕ್ಕ ದಿನವೇ ಮಾಲೀಕರನ್ನು ಕೇಳಿ ಡಬ್ಬಿಗೂ ಕರೆಗಂಟೆಗೂ ಹೆಸರಿನ ಚೀಟಿ ಅಂಟಿಸಿದೆ. ಬೇರೆಯವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರೆ, ವಿಳಾಸದಲ್ಲಿ ನಿಮ್ಮ ಹೆಸರಿನ ಕೆಳಗೆ ‘ಸಿ/ಒ’ ಅಂತ ಹಾಕಿ ಡಬ್ಬಿಯ ಮೇಲಿರುವ ಹೆಸರನ್ನು ಬರೆಯಬೇಕು.

ಹೆಸರು ಅಂಟಿಸಿದ ಮೇಲೆ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು ಅನ್ನುತ್ತದೆ ಕಾನೂನು. ಮಾಲೀಕರು ಸಹಿ ಹಾಕಿದ ಒಂದು ಪ್ರಮಾಣಪತ್ರ ಬೇಕು. ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲುವುದಿಲ್ಲ. ನೋಂದಣಿ ಆದಮೇಲೆ ಕೊಡುವ ಕಾಗದವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಬ್ಯಾಂಕ್, ವೀಸಾ ಕಚೇರಿ, ಫೋನ್ ಕಂಪನಿ, ಎಲ್ಲರೂ ಅದನ್ನೇ ಕೇಳುತ್ತಾರೆ. ಈ ನೋಂದಣಿಯ ಬೆನ್ನಿಗೇ ನಿಮ್ಮ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ.

ಈಗ ಬ್ಯಾಂಕ್ ವಿಷಯ. ಇಲ್ಲಿ ದೊಡ್ಡದಾಗಿ ಎರಡು ಬಗೆ. ಒಂದು, ಶಾಖೆ ಇರುವವು: ಷ್ಪಾರ್‌ಕಾಸೆ, ಫೋಲ್ಕ್ಸ್‌ಬ್ಯಾಂಕ್ ಥರದವು, ಜೊತೆಗೆ ದೊಡ್ಡ ಖಾಸಗಿ ಬ್ಯಾಂಕ್‌ಗಳು. ಇನ್ನೊಂದು, ಶಾಖೆಯೇ ಇಲ್ಲದ, ಎಲ್ಲವೂ ಆ್ಯಪ್‌ನಲ್ಲೇ ನಡೆಯುವ ಬ್ಯಾಂಕ್‌ಗಳು. ಎರಡನೆಯವು ತಿಂಗಳ ಶುಲ್ಕ ಇಲ್ಲದೆ ಅಥವಾ ಕಡಿಮೆ ಶುಲ್ಕಕ್ಕೆ ಸಿಗುತ್ತವೆ, ಇಂಗ್ಲಿಷ್‌ನಲ್ಲೂ ಇರುತ್ತವೆ. ಆದರೂ ಭಾರತದ ಪಾಸ್‌ಪೋರ್ಟ್ ಹಿಡಿದು ಬಂದವರಿಗೆ ಮೊದಲ ಖಾತೆಯನ್ನು ಶಾಖೆ ಇರುವ ಬ್ಯಾಂಕ್‌ನಲ್ಲೇ ತೆರೆಯಿರಿ ಅಂತ ಹೇಳುತ್ತೇನೆ. ಗುರುತು ಖಚಿತಪಡಿಸುವ ಹಂತದಲ್ಲಿ ಅದು ಬಹಳ ತಲೆನೋವು ತಪ್ಪಿಸುತ್ತದೆ.

ಆ ಹಂತ ಹೇಗಿರುತ್ತದೆ ಅಂತ ಹೇಳುತ್ತೇನೆ. ಆ್ಯಪ್ ಬ್ಯಾಂಕ್ ಒಂದಕ್ಕೆ ನಾನು ಅರ್ಜಿ ಹಾಕಿದಾಗ ವಿಡಿಯೋ ಕರೆ ಬಂತು. ಆ ಕಡೆಯವರು ಪಾಸ್‌ಪೋರ್ಟನ್ನು ಕ್ಯಾಮರಾ ಮುಂದೆ ಹಿಡಿಯಿರಿ, ಓರೆ ಮಾಡಿ, ಬೆಳಕಿಗೆ ತೋರಿಸಿ ಅಂತ ಹೇಳುತ್ತಾ ಹೋದರು. ಪುಟದ ಭದ್ರತಾ ಗುರುತುಗಳು ಬೆಳಕಲ್ಲಿ ಬದಲಾಗುವುದನ್ನು ಅವರು ನೋಡಬೇಕು. ಕೊನೆಗೆ, ಈ ಪಾಸ್‌ಪೋರ್ಟ್‌ಗೆ ವಿಡಿಯೋ ಪರಿಶೀಲನೆ ಆಗುವುದಿಲ್ಲ ಅಂದರು. ಯಾವ ದೇಶದ ಯಾವ ಪಾಸ್‌ಪೋರ್ಟ್ ವಿಡಿಯೋದಲ್ಲಿ ನಡೆಯುತ್ತದೆ ಅನ್ನುವುದು ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಬೇರೆ. ಅರ್ಜಿ ತುಂಬುವ ಮುಂಚೆಯೇ ಅವರ ಪಟ್ಟಿ ನೋಡಿ.

ವಿಡಿಯೋ ಆಗದಿದ್ದರೆ ಪೋಸ್ಟ್‌ಇಡೆಂಟ್ ಇದೆ. ಬ್ಯಾಂಕ್ ಕೊಡುವ ಬಾರ್‌ಕೋಡ್ ಇರುವ ಕೂಪನ್ ಮತ್ತು ಅಸಲಿ ಪಾಸ್‌ಪೋರ್ಟ್ ತೆಗೆದುಕೊಂಡು ಅಂಚೆ ಕಚೇರಿಗೆ ಹೋಗುವುದು. ಕೌಂಟರ್‌ನಲ್ಲಿರುವವರು ಪಾಸ್‌ಪೋರ್ಟ್ ನೋಡಿ ವಿವರ ದಾಖಲಿಸುತ್ತಾರೆ, ನಾವು ಸಹಿ ಹಾಕುತ್ತೇವೆ. ನಮಗೆ ಖರ್ಚಿಲ್ಲ. ವಿಳಾಸ ನೋಂದಣಿಯ ಕಾಗದವನ್ನೂ ಜೊತೆಗೆ ಒಯ್ಯಿರಿ, ಯಾಕೆಂದರೆ ಭಾರತದಿಂದ ತಂದ ನಮ್ಮ ಪಾಸ್‌ಪೋರ್ಟ್‌ನಲ್ಲಿ ಜರ್ಮನಿಯ ವಿಳಾಸ ಇರುವುದಿಲ್ಲ. ಇಲ್ಲಿ ಒಂದು ಕ್ಷಣ ನಿಲ್ಲಿ. ಸಹಿ ಹಾಕುವ ಮುಂಚೆ ಅವರು ದಾಖಲಿಸಿದ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ.

ಹೆಸರಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ನಮ್ಮಲ್ಲಿ ಹೆಸರು ಬರೆಯುವ ರೀತಿ. ನಮ್ಮಲ್ಲಿ ಬಹಳ ಜನಕ್ಕೆ ಕುಟುಂಬದ ಹೆಸರೇ ಇರುವುದಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಆ ಇನಿಷಿಯಲ್‌ಗಳು ಪೂರ್ತಿ ಹೆಸರಾಗಿ ಎಲ್ಲೋ ಒಂದು ಕಡೆ ಕೂತಿರುತ್ತವೆ. ಕೆಲವರಿಗೆ ಸರ್‌ನೇಮ್ ಜಾಗ ಖಾಲಿ. ಜರ್ಮನ್ ಫಾರಂಗೆ ಎರಡೂ ಜಾಗ ತುಂಬಲೇಬೇಕು. ಹಾಗಾಗಿ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ನೋಂದಣಿಯಲ್ಲಿ, ನೋಂದಣಿಯಲ್ಲಿ ಹೇಗಿದೆಯೋ ಹಾಗೇ ಬ್ಯಾಂಕ್‌ನಲ್ಲಿ, ಬ್ಯಾಂಕ್‌ನಲ್ಲಿ ಹೇಗಿದೆಯೋ ಹಾಗೇ ಆಫೀಸಿನ ಸಂಬಳದ ದಾಖಲೆಯಲ್ಲಿ ಇರುವಂತೆ ನೋಡಿಕೊಂಡೆ. 2025ರ ಅಕ್ಟೋಬರ್ 9ರಿಂದ ಇದು ಇನ್ನೂ ಮುಖ್ಯವಾಗಿದೆ. ಯೂರೋ ದೇಶಗಳ ಬ್ಯಾಂಕ್‌ಗಳು ಹಣ ಕಳಿಸುವ ಮುಂಚೆ ಖಾತೆ ಸಂಖ್ಯೆಗೂ ಹೆಸರಿಗೂ ತಾಳೆ ಇದೆಯಾ ಅಂತ ನೋಡಿ ತಿಳಿಸಲೇಬೇಕು, ಅದೂ ಉಚಿತವಾಗಿ. ಪೂರ್ತಿ ಹೊಂದುತ್ತದೆ, ಸ್ವಲ್ಪ ವ್ಯತ್ಯಾಸ ಇದೆ, ಹೊಂದುವುದಿಲ್ಲ ಅಂತ ಉತ್ತರ ಬರುತ್ತದೆ. ನಿಮಗೆ ಹಣ ಕಳಿಸುವವರು ಮನೆಯಲ್ಲಿ ಕರೆಯುವ ಹೆಸರು ಹಾಕಿದರೆ ಅವರ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಹಾಗಾಗಿ ನನ್ನ ಪೂರ್ತಿ ಹೆಸರನ್ನೂ ಐಬಾನ್ ಅನ್ನುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯನ್ನೂ ಒಂದೇ ಸಂದೇಶದಲ್ಲಿ ಬರೆದು ಇಟ್ಟುಕೊಂಡಿದ್ದೇನೆ, ಯಾರು ಕೇಳಿದರೂ ಅದನ್ನೇ ಕಳಿಸುತ್ತೇನೆ.

ಅರ್ಜಿಯಲ್ಲಿ ತೆರಿಗೆ ಪ್ರಶ್ನೆ ಇರುತ್ತದೆ. ಯಾವ ದೇಶದಲ್ಲಿ ತೆರಿಗೆ ನಿವಾಸಿ ಅಂತ ಕೇಳುತ್ತಾರೆ. ಪೌರತ್ವ ಬೇರೆ, ಇದು ಬೇರೆ. ಅಮೆರಿಕದ ತೆರಿಗೆಗೆ ಒಳಪಟ್ಟವರಾ ಅಂತಲೂ ಒಂದು ಸಾಲು ಇರುತ್ತದೆ. 11 ಅಂಕಿಗಳ ಸಂಖ್ಯೆ ಇನ್ನೂ ಬಂದಿಲ್ಲ ಅಂದರೆ ಆಮೇಲೆ ಕೊಡುತ್ತೇನೆ ಅಂತ ಕೇಳಿ ನೋಡಿ, ಹೆಚ್ಚಿನ ಬ್ಯಾಂಕ್‌ಗಳು ಒಪ್ಪುತ್ತವೆ.

ಬ್ಯಾಂಕ್‌ನವರು ಖಾತೆ ಕೊಡಲ್ಲ ಅಂದರೆ? ಹೊಸಬರಲ್ಲಿ ಬಹಳ ಜನ ಇಲ್ಲಿಗೇ ಸೋತು ಸುಮ್ನೆ ಆಗಿಬಿಡುತ್ತಾರೆ. ದಯವಿಟ್ಟು ಬಿಡಬೇಡಿ. 2016ರ ಜೂನ್ 19ರಿಂದ ಜರ್ಮನಿಯಲ್ಲಿ ಬಾಸಿಸ್‌ಕೊಂಟೊ ಅನ್ನುವ ಮೂಲ ಖಾತೆ ಪಡೆಯುವುದು ಹಕ್ಕು. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವ ಯಾರಿಗೂ ಇದು ಅನ್ವಯಿಸುತ್ತದೆ. ಮನೆ ಇಲ್ಲದವರಿಗೂ, ಆಶ್ರಯ ಕೇಳಿ ಬಂದವರಿಗೂ ಸಹ. ಇದಕ್ಕೆ ನಿಗದಿತ ಫಾರಂ ಇದೆ. ಪೂರ್ತಿ ತುಂಬಿದ ಅರ್ಜಿ ಸಿಕ್ಕ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಖಾತೆಯ ಪ್ರಸ್ತಾಪ ಕೊಡಬೇಕು, ಇಲ್ಲವೇ ಕಾನೂನು ಒಪ್ಪುವ ಕಾರಣ ಹೇಳಬೇಕು. ಸುಮ್ಮನೆ ತಳ್ಳಿಹಾಕಿದರೆ ಹಣಕಾಸು ನಿಯಂತ್ರಣ ಸಂಸ್ಥೆ ಬಾಫಿನ್‌ಗೆ ದೂರು ಕೊಡಬಹುದು. ಈ ಖಾತೆಯಲ್ಲಿ ಸಾಲದ ಸೌಲಭ್ಯ ಇರುವುದಿಲ್ಲ, ಹಣ ಕಳಿಸುವುದು, ಪಡೆಯುವುದು, ಕಾರ್ಡ್ ಬಳಸುವುದು ಎಲ್ಲ ಇರುತ್ತದೆ.

ಖಾತೆ ಸಿಕ್ಕ ಮೇಲೆ ಟಾನ್, ಅಂದರೆ ಒಂದು ವಹಿವಾಟಿಗೆ ಒಂದೇ ಸಲ ನಡೆಯುವ ಒಪ್ಪಿಗೆಯ ಸಂಖ್ಯೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಮುಂದಿನದು ಸುಲಭ. ಲಾಗಿನ್ ಪಿನ್‌ನಿಂದ ಖಾತೆ ನೋಡಬಹುದು, ನಾವು ಹಣ ಕಳಿಸಬೇಕಾದರೆ ಸಾಮಾನ್ಯವಾಗಿ ಪ್ರತಿ ಸಲವೂ ಹೊಸ ಒಪ್ಪಿಗೆ ಬೇಕು. ಹಿಂದೆ ಕಾಗದದ ಮೇಲೆ ಅಚ್ಚಾದ ಸಂಖ್ಯೆಗಳ ಪಟ್ಟಿ ಕೊಡುತ್ತಿದ್ದರು. 2019ರ ಸೆಪ್ಟೆಂಬರ್ 14ರಿಂದ ಯುರೋಪಿನ ಹೊಸ ನಿಯಮ ಬಂದು ಆ ಪಟ್ಟಿಗಳ ಕಾಲ ಮುಗಿಯಿತು. ಈಗ ಮುಖ್ಯವಾಗಿ ಮೂರು ದಾರಿ. ಫೋನಿನ ಆ್ಯಪ್‌ಗೇ ಒಪ್ಪಿಗೆ ಕೇಳಿ ಬರುವುದು ಪುಶ್‌ಟಾನ್. ಪರದೆಯ ಮೇಲಿನ ಬಣ್ಣದ ಚುಕ್ಕಿಗಳ ಚಿತ್ರವನ್ನು ಓದುವುದು ಫೋಟೋಟಾನ್. ಬ್ಯಾಂಕ್ ಕಾರ್ಡನ್ನು ಸಣ್ಣ ಯಂತ್ರಕ್ಕೆ ಹಾಕಿ ಸಂಖ್ಯೆ ಪಡೆಯುವುದು ಚಿಪ್‌ಟಾನ್.

ನಾನು ದಿನದ ಬಳಕೆಗೆ ಪುಶ್‌ಟಾನ್ ಇಟ್ಟುಕೊಂಡೆ. ಅದನ್ನು ಚಾಲೂ ಮಾಡಲು ಅಂಚೆಯಲ್ಲಿ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿತ್ತು. ಆ್ಯಪ್ ಸ್ಟೋರ್ ಭಾರತಕ್ಕೆ ಹೊಂದಿಸಿದ್ದರೆ ಕೆಲವು ಜರ್ಮನ್ ಬ್ಯಾಂಕ್ ಆ್ಯಪ್‌ಗಳು ಹುಡುಕಿದರೂ ಸಿಗುವುದಿಲ್ಲ. ದೇಶವನ್ನು ಜರ್ಮನಿಗೆ ಬದಲಾಯಿಸಿದರೆ ಸಿಗುತ್ತವೆ. ಕಾರ್ಡ್ ಹಾಕುವ ಯಂತ್ರವನ್ನೂ ನಾನು ಕೊಂಡು ಇಟ್ಟುಕೊಂಡಿದ್ದೇನೆ. ಅದಕ್ಕೆ ಇಂಟರ್‌ನೆಟ್ ಬೇಡ, ಫೋನ್ ಒಡೆದರೂ ಅದು ಕೆಲಸ ಮಾಡುತ್ತದೆ. ನಿಮ್ಮ ಬ್ಯಾಂಕ್ ಎರಡನ್ನೂ ಕೊಡುವುದಾದರೆ ಎರಡನ್ನೂ ತೆಗೆದುಕೊಳ್ಳಿ.

ಟಾನ್ ಆ್ಯಪ್ ಒಪ್ಪಿಗೆ ಕೇಳುವಾಗ ಎಷ್ಟು ಹಣ, ಯಾವ ಖಾತೆಗೆ ಅಂತ ತೋರಿಸುತ್ತದೆ. ಅದನ್ನು ಓದದೆ ಒತ್ತುವುದು ಖಾಲಿ ಚೆಕ್ಕಿಗೆ ಸಹಿ ಹಾಕಿದ ಹಾಗೆ. ನಾನು ಮೊತ್ತವನ್ನೂ ಐಬಾನ್‌ನ ಕೊನೆಯ ಅಂಕಿಗಳನ್ನೂ ಪ್ರತಿ ಸಲ ನೋಡುತ್ತೇನೆ. ಫೋನ್ ಮಾಡಿ ‘ಬ್ಯಾಂಕ್‌ನಿಂದ ಮಾತಾಡುತ್ತಿದ್ದೇವೆ, ಟಾನ್ ಹೇಳಿ’ ಅಂದವರು ಬ್ಯಾಂಕ್‌ನವರಲ್ಲ. ಈಚೆಗೆ ಬ್ಯಾಂಕ್‌ನ ಲಾಂಛನ ಹಾಕಿದ ನಕಲಿ ಪತ್ರಗಳೂ ಅಂಚೆಯಲ್ಲಿ ಬರುತ್ತಿವೆ, ಅದರೊಳಗೆ ಕ್ಯೂಆರ್ ಕೋಡ್. ಹೊಸಬರಿಗೆ ಇದು ಜಾಸ್ತಿ ಅಪಾಯ, ಯಾಕೆಂದರೆ ಅಸಲಿ ಪತ್ರದಲ್ಲೂ ಕೋಡ್ ಇರುತ್ತದೆ ಅಲ್ವಾ? ನಾನೇ ಕೇಳಿ ತರಿಸಿಕೊಂಡ ಪತ್ರ ಆಗಿರದಿದ್ದರೆ ಸ್ಕ್ಯಾನ್ ಮಾಡುವುದಿಲ್ಲ. ಅಸಲಿ ಕೋಡನ್ನು ಕೂಡ ಬ್ಯಾಂಕ್‌ನ ಆ್ಯಪ್ ಒಳಗಿಂದ ಮಾತ್ರ ಸ್ಕ್ಯಾನ್ ಮಾಡುತ್ತೇನೆ, ಫೋನಿನ ಕ್ಯಾಮರಾದಿಂದ ಅಲ್ಲ.

ಮೊದಲ ಸಲ ಹಣ ಕಳಿಸುವಾಗ ಅಲ್ಪವಿರಾಮ ಮತ್ತು ಚುಕ್ಕಿಯ ಬಗ್ಗೆ ಎಚ್ಚರ. ಇಲ್ಲಿ 1.500 ಅಂದರೆ ಸಾವಿರದ ಐನೂರು. ಸೆಂಟ್ ಬರೆಯಲು ಅಲ್ಪವಿರಾಮ: 12,50 ಅಂದರೆ ಹನ್ನೆರಡೂವರೆ ಯೂರೋ. ನಮ್ಮ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ಜರ್ಮನ್ ಐಬಾನ್‌ನಲ್ಲಿ 22 ಅಕ್ಷರ: ಶುರುವಿನಲ್ಲಿ ದೇಶದ ಎರಡು ಅಕ್ಷರ, ಪರೀಕ್ಷೆಯ ಎರಡು ಅಂಕಿ, ಬ್ಯಾಂಕ್‌ನ ಎಂಟು ಅಂಕಿ, ಖಾತೆಯ ಹತ್ತು ಅಂಕಿ. ಆ ಪರೀಕ್ಷಾ ಅಂಕಿಗಳಿಂದಾಗಿ ಒಂದು ಅಂಕಿ ತಪ್ಪು ಒತ್ತಿದರೆ ಬ್ಯಾಂಕ್ ಅಲ್ಲೇ ಹಿಡಿಯುತ್ತದೆ. ಆದರೂ ಹೊಸ ಖಾತೆಗೆ ನಾನು ಮೊದಲು ಸಣ್ಣ ಮೊತ್ತ ಕಳಿಸಿ, ತಲುಪಿತು ಅಂತ ಕೇಳಿದ ಮೇಲೆ ದೊಡ್ಡದನ್ನು ಕಳಿಸುತ್ತೇನೆ. ತಕ್ಷಣದ ವರ್ಗಾವಣೆ ಹತ್ತು ಸೆಕೆಂಡ್‌ನಲ್ಲಿ ಮುಟ್ಟುತ್ತದೆ. ಅದಕ್ಕೆ ಸಾಮಾನ್ಯ ವರ್ಗಾವಣೆಗಿಂತ ಜಾಸ್ತಿ ಶುಲ್ಕ ಹಾಕುವಂತಿಲ್ಲ. ಒಮ್ಮೆ ಹೋದರೆ ತಡೆಯಲು ಸಮಯವೇ ಇರುವುದಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ.

ಬಾಡಿಗೆಗೆ ಡೌವರ್‌ಔಫ್‌ಟ್ರಾಗ್ ಹಾಕಿದೆ, ಪ್ರತಿ ತಿಂಗಳು ತಾನಾಗಿಯೇ ಹೋಗುತ್ತದೆ. ಸಾಮಾನ್ಯವಾಗಿ ತಿಂಗಳ ಮೂರನೇ ಕೆಲಸದ ದಿನದೊಳಗೆ ಬಾಡಿಗೆ ಕೊಡಬೇಕು, ಹಾಗಾಗಿ 1ನೇ ತಾರೀಕು ಇಟ್ಟೆ. ವಿದ್ಯುತ್, ಇಂಟರ್‌ನೆಟ್, ವಿಮೆಯವರು ಲಾಸ್ಟ್‌ಶ್ರಿಫ್ಟ್ ಕೇಳುತ್ತಾರೆ, ಅಂದರೆ ಅವರೇ ನಮ್ಮ ಖಾತೆಯಿಂದ ತೆಗೆದುಕೊಳ್ಳುವ ಅನುಮತಿ. ಮೊದಲಿಗೆ ನನಗೆ ಇದು ಭಯ ಅನಿಸಿತು. ನಿಯಮ ಓದಿದ ಮೇಲೆ ಧೈರ್ಯ ಬಂತು: ಕಾರಣ ಹೇಳದೆಯೇ ಎಂಟು ವಾರದೊಳಗೆ ಆ ಹಣವನ್ನು ವಾಪಸ್ ಪಡೆಯಬಹುದು. ಅನುಮತಿಯನ್ನೇ ಕೊಟ್ಟಿರಲಿಲ್ಲ ಅಂದರೆ 13 ತಿಂಗಳವರೆಗೂ ಅವಕಾಶ ಇದೆ. ನಿಮ್ಮ ಖಾತೆ ಬೇರೆ ಯುರೋಪ್ ದೇಶದ ಐಬಾನ್ ಹೊಂದಿದೆ ಅನ್ನುವ ಒಂದೇ ಕಾರಣಕ್ಕೆ ಯಾರಾದರೂ ಬೇಡ ಅಂದರೆ ಅದು ಕಾನೂನಿಗೆ ವಿರುದ್ಧ. ನೇರವಾಗಿ ಹಾಗೇ ಬರೆದು ತಿಳಿಸಿ.

ಸ್ಟೇಟ್‌ಮೆಂಟ್‌ಗಳು ಆನ್‌ಲೈನ್ ಅಂಚೆಪೆಟ್ಟಿಗೆಯಲ್ಲಿ ಬಂದು ಕೂರುತ್ತವೆ. ತಿಂಗಳಿಗೊಮ್ಮೆ ಇಳಿಸಿ ಇಟ್ಟುಕೊಳ್ಳಿ. ವೀಸಾ ವಿಸ್ತರಣೆಗೂ ಹೊಸ ಮನೆಗೂ ಬೇಕಾಗುತ್ತವೆ.

ಫೋನ್ ಅಥವಾ ಕಾರ್ಡ್ ಕಳೆದರೆ 116 116ಕ್ಕೆ ಕರೆ ಮಾಡಿ ಕಾರ್ಡನ್ನೂ ಆನ್‌ಲೈನ್ ಬ್ಯಾಂಕಿಂಗನ್ನೂ ತಡೆಹಿಡಿಸಬೇಕು, ಹಗಲು ರಾತ್ರಿ ಯಾವಾಗ ಬೇಕಾದರೂ. ವಿದೇಶದಿಂದಾದರೆ ಮುಂದೆ +49 ಸೇರಿಸಿ. ನಿಮ್ಮ ಬ್ಯಾಂಕ್ ಈ ಸೇವೆಯಲ್ಲಿ ಸೇರಿದೆಯಾ ಅಂತ ಮೊದಲೇ ನೋಡಿ, ಇಲ್ಲದಿದ್ದರೆ ಅವರದೇ ನಂಬರ್ ಬರೆದಿಡಿ. ಹೊಸ ಫೋನ್ ಕೊಂಡಾಗ ಹಳೆಯದರಲ್ಲಿರುವ ಟಾನ್ ಆ್ಯಪನ್ನು ತಕ್ಷಣ ಅಳಿಸಬಾರದು. ಹಲವು ಬ್ಯಾಂಕ್‌ಗಳಲ್ಲಿ ಹೊಸ ಫೋನನ್ನು ಹಳೆಯದರಿಂದಲೇ ಒಪ್ಪಿಸಬಹುದು. ಹಳೆಯದು ಕೈಯಲ್ಲಿ ಇಲ್ಲದಿದ್ದರೆ ಮತ್ತೆ ಅಂಚೆಯ ಪತ್ರಕ್ಕೆ ಕಾಯಬೇಕು. ಆ ಪತ್ರ ಬರುವುದು ಜರ್ಮನಿಯ ವಿಳಾಸಕ್ಕೆ. ರಜೆಗೆ ಭಾರತಕ್ಕೆ ಹೋದಾಗ ಅಲ್ಲಿ ಫೋನ್ ಬದಲಾಯಿಸುವ ಯೋಚನೆ ಇದ್ದರೆ ಇದನ್ನು ನೆನಪಿಡಿ.

ಇನ್ನು ಭಾರತದ ಖಾತೆ. ಅನಿವಾಸಿ ಆದಮೇಲೆ ಅಲ್ಲಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಎನ್‌ಆರ್‌ಒ ಅನ್ನುವ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಾಯಿಸಬೇಕು. ಇಲ್ಲಿಂದ ಕಳಿಸುವ ಸಂಪಾದನೆಗೆ ನಾನು ಬೇರೆಯಾಗಿ ಎನ್‌ಆರ್‌ಇ, ಅಂದರೆ ವಿದೇಶದ ಸಂಪಾದನೆ ಇಡುವ ಅನಿವಾಸಿ ಖಾತೆ ತೆರೆದೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಣವನ್ನು ವಾಪಸ್ ತರಲೂ ತಡೆ ಇಲ್ಲ. ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಮಾತ್ರ ಹೊರಗೆ ಕಳಿಸಬಹುದು. ಅಲ್ಲಿಂದ ಇಲ್ಲಿಗೆ ದೊಡ್ಡ ಮೊತ್ತ ತರಿಸಿದರೆ ಜರ್ಮನಿಯ ಕಡೆಯೂ ಒಂದು ನಿಯಮ ಇದೆ: 2025ರ ಜನವರಿಯಿಂದ, 50,000 ಯೂರೋ ದಾಟಿದ ವಿದೇಶಿ ಹಣ ಬಂದರೆ ಜರ್ಮನಿಯ ಕೇಂದ್ರ ಬ್ಯಾಂಕ್ ಆದ ಬುಂಡೆಸ್‌ಬ್ಯಾಂಕ್‌ಗೆ ತಿಳಿಸಬೇಕು. ಅದು ತೆರಿಗೆ ಅಲ್ಲ, ಅಂಕಿಅಂಶಕ್ಕಾಗಿ ಕೊಡುವ ಮಾಹಿತಿ. ಭಾರತದ ಬ್ಯಾಂಕ್‌ನ ಒಟಿಪಿ ಹಳೆಯ ಭಾರತೀಯ ನಂಬರ್‌ಗೇ ಬರುತ್ತಿದ್ದರೆ ಆ ಸಿಮ್‌ನ ರೋಮಿಂಗನ್ನು ಹೊರಡುವ ಮುಂಚೆಯೇ ಚಾಲೂ ಮಾಡಿಸಿ, ರೀಚಾರ್ಜ್ ತಪ್ಪದಂತೆ ನೋಡಿಕೊಳ್ಳಿ. ಬ್ಯಾಂಕ್ ಜರ್ಮನ್ ನಂಬರ್ ಒಪ್ಪುವುದಾದರೆ ಅದನ್ನೇ ಕೊಟ್ಟುಬಿಡಿ, ನಾನು ಹಾಗೇ ಮಾಡಿದೆ.