ಬ್ರಿಟನ್‌ನಲ್ಲಿ ಇಎಸ್‌ಎ ಸಿಗಲಿಲ್ಲವೇ? ಅಪೀಲ್ ಮತ್ತು ಅಲ್ಲಿಯವರೆಗಿನ ದುಡ್ಡು

ಕಾಯಿಲೆಯೆಂದು ಬೆನಿಫಿಟ್ (ಸರ್ಕಾರಿ ನೆರವಿನ ದುಡ್ಡು) ಕೇಳಿದವರಿಗೆ ‘ನೀವು ಕೆಲಸ ಮಾಡಬಲ್ಲಿರಿ’ ಎಂಬ ಕಾಗದ ಡಿಡಬ್ಲ್ಯುಪಿಯಿಂದ (ಬೆನಿಫಿಟ್ ಕೊಡುವ ಸರ್ಕಾರಿ ಇಲಾಖೆ) ಬಂದರೆ ಮೊದಲು ಅದರ ಮೇಲಿನ ತಾರೀಖು ನೋಡಿ. ಆಮೇಲೆ ಯಾವ ಬೆನಿಫಿಟ್ ಅಂತ ನೋಡಿ. ಕಾಯಿಲೆಯಿಂದ ಕೆಲಸ ಮಾಡಲಾಗದವರಿಗೆ ಸಿಗುವ ದುಡ್ಡಿಗೆ ಹಳಬರು ಈಗಲೂ ‘ಇನ್‌ಕೆಪಾಸಿಟಿ’ ಅಂತಲೇ ಅನ್ನುತ್ತಾರೆ, ಆದರೆ 2008ರ ಅಕ್ಟೋಬರ್‌ನಿಂದ ಹೊಸ ಅರ್ಜಿಗಳಿಗೆ ಅದರ ಜಾಗದಲ್ಲಿ ಇಎಸ್‌ಎ (ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋಯನ್ಸ್) ಬಂದಿದೆ. ಈಗ ಇರುವುದು ನ್ಯೂ ಸ್ಟೈಲ್ ಇಎಸ್‌ಎ ಮತ್ತು ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇರುವವರಿಗೆ ಸಿಗುವ ನೆರವು). ಎರಡರ ಅಪೀಲ್ ದಾರಿಯೂ ಬೇರೆ ಬೇರೆ.

ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವ ನಮ್ಮವರು ‘ಪಬ್ಲಿಕ್ ಫಂಡ್ಸ್’ (ಆ ವೀಸಾದವರು ಪಡೆಯಬಾರದ ಸರ್ಕಾರಿ ನೆರವುಗಳ ಪಟ್ಟಿ) ಹೆದರಿಕೆಗೆ ಅರ್ಜಿಯನ್ನೇ ಹಾಕುವುದಿಲ್ಲ. ಯೂನಿವರ್ಸಲ್ ಕ್ರೆಡಿಟ್, ಪಿಐಪಿ (ಅಂಗವೈಕಲ್ಯದ ಹೆಚ್ಚುವರಿ ಖರ್ಚಿಗೆ ಕೊಡುವ ದುಡ್ಡು) ಎರಡೂ ಆ ಪಟ್ಟಿಯಲ್ಲಿವೆ, ನಿಜ. ನ್ಯೂ ಸ್ಟೈಲ್ ಇಎಸ್‌ಎ ಅದರಲ್ಲಿಲ್ಲ. ಅದು ನಿಮ್ಮ ಸಂಬಳದಿಂದ ಹಿಡಿದ ನ್ಯಾಷನಲ್ ಇನ್ಶೂರೆನ್ಸ್ ಮೇಲೆ ಸಿಗುವ ದುಡ್ಡು. ಸಂಗಾತಿಯ ಸಂಬಳವನ್ನಾಗಲೀ ನಿಮ್ಮ ಉಳಿತಾಯವನ್ನಾಗಲೀ ಲೆಕ್ಕ ಹಿಡಿಯುವುದಿಲ್ಲ.

ಯೂನಿವರ್ಸಲ್ ಕ್ರೆಡಿಟ್ ಆದರೆ ಮೊದಲು ‘ಮ್ಯಾಂಡೇಟರಿ ರೀಕನ್ಸಿಡರೇಶನ್’ ಕೇಳಲೇಬೇಕು, ಅದೂ ಒಂದು ತಿಂಗಳೊಳಗೆ. ಅಂದರೆ ಅವರ ನಿರ್ಧಾರವನ್ನು ಅವರೇ ಮತ್ತೊಮ್ಮೆ ನೋಡುವುದು. ಬದಲಾಗುತ್ತದೆ ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅದರ ಉತ್ತರ ಬಂದ ಮೇಲೆ ಟ್ರಿಬ್ಯುನಲ್‌ಗೆ (ಡಿಡಬ್ಲ್ಯುಪಿಗೆ ಸೇರದ ನ್ಯಾಯಮಂಡಳಿ) ಹೋಗಲು ಇನ್ನೊಂದು ತಿಂಗಳು ಇರುತ್ತದೆ. ಫೀಸ್ ಇಲ್ಲ. ಅಲ್ಲಿಯವರೆಗೆ ಮೂಲ ಮೊತ್ತ ಬರುತ್ತಲೇ ಇರುತ್ತದೆ, ಆದರೆ ಕೆಲಸ ಹುಡುಕುವ ಷರತ್ತುಗಳು ಮೈಮೇಲೆ ಬೀಳುತ್ತವೆ. ಅದನ್ನು ನಿಮ್ಮ ಆರೋಗ್ಯಕ್ಕೆ ತಕ್ಕಂತೆ ಇಳಿಸುವ ಅಧಿಕಾರ ಜಾಬ್‌ಸೆಂಟರ್‌ನ ವರ್ಕ್ ಕೋಚ್‌ಗೆ ಇದೆ. ಸುಮ್ನೆ ಒಪ್ಪಿಕೊಂಡು ಬರಬೇಡಿ, ಬಾಯಿ ಬಿಟ್ಟು ಕೇಳಿ.

ಇಎಸ್‌ಎ ಕಥೆ ಬೇರೆ. ಮರುಪರಿಶೀಲನೆ ಮುಗಿಯುವವರೆಗೆ ದುಡ್ಡಿಲ್ಲದೆ ಕಾಯಿಸುವುದು ಕಾನೂನುಬಾಹಿರ ಅಂತ 2020ರಲ್ಲಿ ಹೈಕೋರ್ಟ್ ಹೇಳಿತು. ಹಾಗಾಗಿ ಕೆಲಸ ಮಾಡಬಲ್ಲಿರಿ ಎಂಬ ಕಾರಣಕ್ಕೆ ಇಎಸ್‌ಎ ನಿಂತಿದ್ದರೆ, ಹೆಚ್ಚಿನವರು ನೇರವಾಗಿ ಅಪೀಲ್ ಹಾಕಬಹುದು. ಹಾಕಿದ ಮೇಲೆ, ತೀರ್ಪು ಬರುವವರೆಗೆ ಅಸೆಸ್‌ಮೆಂಟ್ ದರದಲ್ಲಿ (ಕೆಲಸ ಮಾಡಬಲ್ಲಿರಾ ಎಂಬ ಪರೀಕ್ಷೆ ಮುಗಿಯುವ ಮುನ್ನ ಕೊಡುವ ಮೂಲ ದರ) ದುಡ್ಡು ಸಿಗುತ್ತದೆ. ಫಿಟ್ ನೋಟ್ (ಕೆಲಸ ಮಾಡಲಾಗದು ಎಂಬ ಡಾಕ್ಟರ ಚೀಟಿ) ಮಾತ್ರ ಒಂದು ದಿನವೂ ಬಿಟ್ಟುಹೋಗದಂತೆ ಕೊಡುತ್ತಿರಬೇಕು. ಜಿಪಿ (ನಿಮ್ಮ ಮಾಮೂಲಿ ಡಾಕ್ಟರ್) ಕೊಡಲು ಹಿಂದೇಟು ಹಾಕಿದರೆ ಅಪೀಲ್ ಹಾಕಿದ್ದೇನೆ ಅಂತ ಹೇಳಿ. ಫಾರ್ಮ್ ವಾಪಸ್ ಕಳಿಸಲಿಲ್ಲ, ಅಸೆಸ್‌ಮೆಂಟ್‌ಗೆ ಹೋಗಲಿಲ್ಲ ಎಂಬ ಕಾರಣಕ್ಕೆ ನಿಂತಿದ್ದರೆ ಈ ಸೌಲಭ್ಯ ಇಲ್ಲ. ಹಿಂದೆಯೂ ಒಮ್ಮೆ ಇದೇ ತೀರ್ಮಾನ ಆಗಿ, ಆಮೇಲೆ ಕಾಯಿಲೆ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಇಲ್ಲ.

ಇಎಸ್‌ಎ ನಿಂತರೆ ಅದರ ಜೊತೆ ಸಿಗುವ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್‌ಗೂ ಕುತ್ತು ಬರಬಹುದು. ಮುಂದೆ ಪಿಂಚಣಿಯ ಲೆಕ್ಕಕ್ಕೆ ಬರುವುದು ಅದೇ ಅಲ್ವಾ? ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಇದ್ದರೆ ಕೌನ್ಸಿಲ್‌ಗೆ ಕೂಡಲೇ ತಿಳಿಸಿ. ಪಿಐಪಿಗೆ ಮಾತ್ರ ಧಕ್ಕೆ ಇಲ್ಲ, ಅದರ ಪರೀಕ್ಷೆಯೇ ಬೇರೆ.

ಇನ್ನು ಕೇಸ್ ಗೆಲ್ಲುವ ವಿಷಯ. ಅಸೆಸ್‌ಮೆಂಟ್ ರಿಪೋರ್ಟ್‌ನ ಪ್ರತಿ ತರಿಸಿಕೊಳ್ಳಿ. ಕೆಲಸಕ್ಕೆ ಆಗದವರು ಅನ್ನಿಸಿಕೊಳ್ಳಲು ಅದರಲ್ಲಿ ಬೇಕಾದ್ದು 15 ಪಾಯಿಂಟ್. ನಿಲ್ಲದೆ 50 ಮೀಟರ್‌ಗಿಂತ ಹೆಚ್ಚು ನಡೆಯಲಾಗದಿದ್ದರೆ ಅದೊಂದಕ್ಕೇ 15 ಸಿಗುತ್ತದೆ, 100 ಮೀಟರ್ ಆದರೆ 9, 200 ಆದರೆ 6. ನಮ್ಮವರು ಎಡವುವುದು ಇಲ್ಲೇ. ‘ಬಸ್ ಸ್ಟಾಪ್‌ವರೆಗೆ ನಡೆಯುತ್ತೀರಾ?’ ಅಂದರೆ ‘ಹೂಂ, ಹೇಗೋ ಹೋಗ್ತೀನಿ’ ಅಂದುಬಿಡುತ್ತಾರೆ. ದಾರಿಯಲ್ಲಿ ಪಕ್ಕದವರ ಕಾಂಪೌಂಡ್ ಗೋಡೆ ಹಿಡಿದು ಎರಡು ಸಲ ನಿಂತದ್ದು, ಮಾರನೇ ದಿನ ಹಾಸಿಗೆಯಿಂದ ಏಳಲಾಗದ್ದು ರಿಪೋರ್ಟ್‌ಗೆ ಬರುವುದೇ ಇಲ್ಲ. ಮರ್ಯಾದೆಗೆ ಅಂಜಿ ನೋವು ಮುಚ್ಚಿಟ್ಟರೆ ಪಾಯಿಂಟ್ ಹೋಗುತ್ತದೆ. 15 ತುಂಬದಿದ್ದರೂ, ಕೆಲಸಕ್ಕೆ ಕಳಿಸಿದರೆ ಆರೋಗ್ಯಕ್ಕೆ ಗಂಭೀರ ಅಪಾಯ ಎಂಬ ಕಾರಣಕ್ಕೂ ಗೆಲ್ಲಬಹುದು. ಖಿನ್ನತೆ ಇರುವವರು ಇದನ್ನು ಮರೆಯಬೇಡಿ.

ಟ್ರಿಬ್ಯುನಲ್ ನೋಡುವುದು ನಿರ್ಧಾರವಾದ ದಿನ ನೀವು ಹೇಗಿದ್ದಿರಿ ಎಂಬುದನ್ನು. ಹಾಗಾಗಿ ಡಾಕ್ಟರ ಪತ್ರ ಆ ಹೊತ್ತಿನ ಸ್ಥಿತಿಯನ್ನೇ ಹೇಳಬೇಕು. ಎದುರಿಗೆ ಕೂರುವವರು ಒಬ್ಬ ಜಡ್ಜ್, ಒಬ್ಬ ಡಾಕ್ಟರ್. ಕಾಗದದ ಮೇಲೇ ತೀರ್ಮಾನ ಆಗಲಿ ಅನ್ನುವುದಕ್ಕಿಂತ ಖುದ್ದಾಗಿ ಮಾತಾಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಕಷ್ಟವಾದರೆ ಅಪೀಲ್ ಫಾರ್ಮ್‌ನಲ್ಲೇ ಕನ್ನಡ ದುಭಾಷಿ ಬೇಕು ಅಂತ ಬರೆಯಿರಿ, ಅದಕ್ಕೂ ದುಡ್ಡು ಕೊಡಬೇಕಿಲ್ಲ. ಸಿಟಿಜನ್ಸ್ ಅಡ್ವೈಸ್‌ನವರು ಕಾಗದಪತ್ರಕ್ಕೆ ಸಹಾಯ ಮಾಡುತ್ತಾರೆ.

ಗೆದ್ದರೆ ಬಾಕಿ ದುಡ್ಡು ಹಿಂದಿನಿಂದ ಲೆಕ್ಕ ಹಾಕಿ ಬರುತ್ತದೆ. ಸಪೋರ್ಟ್ ಗುಂಪಿಗೆ (ಕೆಲಸಕ್ಕೆ ತಯಾರಾಗಲೂ ಆಗದವರು) ಹಾಕಿದರೆ ನ್ಯೂ ಸ್ಟೈಲ್ ಇಎಸ್‌ಎಗೆ ಕಾಲಮಿತಿ ಇಲ್ಲ. ಇನ್ನೊಂದು ಗುಂಪಾದರೆ (ಮುಂದೆ ಕೆಲಸಕ್ಕೆ ತಯಾರಾಗಬಲ್ಲವರು) 365 ದಿನ ಅಷ್ಟೇ. ಸೋತರೆ ಮುಂದೆ ಅಪ್ಪರ್ ಟ್ರಿಬ್ಯುನಲ್ ಇದೆ, ಆದರೆ ಅಲ್ಲಿ ಕೇಳುವುದು ಕಾನೂನಿನ ತಪ್ಪನ್ನು ಮಾತ್ರ.